ಬಂದೆಯಕ್ಕ ಈಗ ಕೂಗುತ್ತಿಲ್ಲ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ದೋಣಿ ನಿಲ್ಲುವ ಜೆಟ್ಟಿಯಿಂದ ಊರೊಳಕ್ಕೆ ಹೊರಟ ಮರಳಿನ ಓಣಿಯಲ್ಲಿ ಸಣಕಲು ಮೈಯ ಒಬ್ಬರು ಮುಂದೆ ಮುಂದೆ ನಡೆಯುತ್ತಿದ್ದಾರೆ. ಕೊರಳಲ್ಲಿ ದರ್ಜಿಗಳ ಅಳತೆ ಟೇಪು ನೇತಾಡುತ್ತಿದೆ. ಓಣಿ ತಿರುಗುವ ಜಾಗ ಬಂತೆಂದರೆ ಅವರು ಒಮ್ಮೆ ಆಚೆ ಇಣುಕಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಕೂಗುತ್ತಾರೆ: “ಬಂದ್ಲು… ಬಂದ್ಲು…” ಎದುರಿಗೆ ಬರುವ ಜನರನ್ನು ಎಚ್ಚರಿಸಲು ಇರುವ ಕೂಗು ಅದು. ಆದರೆ ಎದುರಿಗೆ ಜನ ಇದ್ದರೆ ಕೂಗುವವರಿಗೆ ಬಾಯೇ ಬರುವುದಿಲ್ಲ.

ಅವರ ಹಿಂದೆ ಸ್ವಲ್ಪ ದೂರದಲ್ಲಿ ಒಂದು ಕೈಗಾಡಿ ಬರುತ್ತಿದೆ. ಗಾಡಿಯ ಮೇಲೆ ಗ್ಯಾಸ್ ಸಿಲಿಂಡರುಗಳು, ಗೋಣಿಚೀಲ ಸುತ್ತಿದ ಮಂಜುಗಡ್ಡೆ, ಮೊಟ್ಟೆಯ ಟ್ರೇಗಳು, ಎಲ್ಲಕ್ಕಿಂತ ಮೇಲೆ ಯಾರೋ ಪ್ರವಾಸಿಯ ಕೆಂಪು ಸೂಟ್‌ಕೇಸು. ಮುಂದಿನ ಅಡ್ಡಕಂಬಿಗೆ ಹೊಟ್ಟೆ ಒತ್ತಿ, ಮೈಯನ್ನು ಬಾಗಿಸಿ ಎಳೆಯುತ್ತಿರುವವರು ಐವತ್ತು ದಾಟಿದ ಹೆಂಗಸು. ತಲೆಗೆ ಟವೆಲು ಕಟ್ಟಿದ್ದಾರೆ, ಕಾಲಲ್ಲಿ ಚಪ್ಪಲಿ ಇಲ್ಲ. ಅವರು ಒಂದು ಮಾತೂ ಆಡುತ್ತಿಲ್ಲ. ತಿರುವು ಬಂದಾಗ ತುಟಿ ಮಾತ್ರ ತನ್ನಷ್ಟಕ್ಕೆ ಅಲುಗುತ್ತದೆ.

ಊರಿನವರಿಗೆ ಇವರು ಬಂದೆಯಕ್ಕ. ಮುಂದೆ ನಡೆಯುತ್ತಿರುವವರು ಇವರ ಗಂಡ, ಊರಿನ ಟೈಲರಣ್ಣ.

ನಾನು ಇಲ್ಲಿಗೆ ಬಂದದ್ದು ಕಡಲತೀರದ ಬಗ್ಗೆ ಪತ್ರಿಕೆಗೆ ಬರೆಯಲು. ಕಾರಿಲ್ಲ, ಸ್ಕೂಟರಿಲ್ಲ, ಆಟೋ ಇಲ್ಲ ಎಂಬುದೇ ಈ ಪುಟ್ಟ ದ್ವೀಪದ ಹೆಗ್ಗಳಿಕೆ. ಹಾರನ್ನಿಗೆ ಬೈಯುತ್ತಲೇ ಅರ್ಧ ಆಯಸ್ಸು ಕಳೆದವನಿಗೆ ಇದಕ್ಕಿಂತ ಇನ್ನೇನು ಬೇಕು? ತೆಂಗಿನ ಮರ, ಬಿಳಿ ಮರಳು, ಸೂರ್ಯಾಸ್ತ ಎಂದು ನಾಲ್ಕು ಸಾಲು ಗೀಚಿ, ಉಳಿದ ಹೊತ್ತೆಲ್ಲ ನಿದ್ದೆ ಮಾಡುವುದು ನನ್ನ ಲೆಕ್ಕಾಚಾರ. ಮೊದಲ ದಿನ ಬೆಳಗಿನ ಜಾವಕ್ಕೇ ಕಿಟಕಿಯ ಕೆಳಗೆ ಯಾರೋ ನಾಚಿಕೊಂಡು “ಬಂದ್ಲು” ಎಂದರು. ಯಾರು ಬಂದಳು ಎಂದು ಎದ್ದು ನೋಡದಿರುವಷ್ಟು ವೈರಾಗ್ಯ ನನಗೆ ಇನ್ನೂ ಬಂದಿಲ್ಲ. ಅಂದಿನಿಂದ ದಿನವೂ ಈ ಗಾಡಿಯ ಹಿಂದೆ ಸುತ್ತುತ್ತಿದ್ದೇನೆ.

ವಾಹನವಿಲ್ಲದ ಊರು ಎಂದರೆ ಸಾಮಾನು ಹಾರಿಕೊಂಡು ಬರುತ್ತದೆ ಎಂದೇ ನಾವೆಲ್ಲ ಭಾವಿಸಿರುತ್ತೇವೆ. ಅತಿಥಿಗೃಹದ ತಣ್ಣಗಿನ ನೀರು, ಮಂಚದ ಹಾಸಿಗೆ, ಗೋಡೆಯ ಕನ್ನಡಿ, ಎಲ್ಲವೂ ಆಚೆ ದಡದಿಂದ ದೋಣಿಯಲ್ಲಿ ಬಂದು, ಜೆಟ್ಟಿಯಿಂದ ಯಾರದೋ ತೋಳಿನ ಬಲದಲ್ಲಿ ಮನೆ ಸೇರಬೇಕು. ಜೆಟ್ಟಿಯ ಸುತ್ತಲ ಸಿಮೆಂಟು ಹಾದಿಗೆ ಬೇರೆ ಗಾಡಿಯವರಿದ್ದಾರೆ. ಒಳಗಿನ ಮರಳು ಓಣಿಗಳಿಗೆ ಮಾತ್ರ ಇವರೊಬ್ಬರೇ. ಒಮ್ಮೆ ಪಂಚಾಯಿತಿಯವರು ಬ್ಯಾಟರಿ ಗಾಡಿ ತರಿಸಿದ್ದರಂತೆ. ಅದು ಎರಡನೇ ಓಣಿಯಲ್ಲೇ ಹೊಟ್ಟೆಯವರೆಗೆ ಹೂತುಹೋಯಿತು. ಈಗ ಪಂಚಾಯಿತಿ ಕಟ್ಟಡದ ಹಿಂದೆ ನಿಂತಿದೆ, ಅದರ ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತದೆ.

“ಮರಳಿನ ಗುಣ ಗೊತ್ತಿರ್ಬೇಕು ಅಷ್ಟೆ,” ಎನ್ನುತ್ತಾರೆ ಬಂದೆಯಕ್ಕ. ಈಗ ಅವರ ದನಿ ತೀರಾ ಮೆಲ್ಲಗೆ, ತುಸು ಒಡೆದ ಹಾಗೆ ಬರುತ್ತದೆ. ಕೇಳಬೇಕೆಂದರೆ ಹತ್ತಿರ ಹೋಗಬೇಕು. “ಬೆಳಗ್ಗೆ ಇಬ್ಬನಿಗೆ ಗಟ್ಟಿಯಾಗಿರುತ್ತೆ, ಮಾತು ಕೇಳುತ್ತೆ. ಬಿಸಿಲೇರಿದ್ರೆ ಸಡಿಲ. ಟೈರಿಗೆ ಗಾಳಿ ಅರ್ಧ ಹಾಕಿದ್ರೆ ಸಾಕು, ತುಂಬಿಸಿದ್ರೆ ಮೊಳೆ ಇಳಿದಂಗೆ ಇಳಿಯುತ್ತೆ. ಮತ್ತೆ, ಹೊರಟ ಮೇಲೆ ನಿಲ್ಲೋ ಹಾಗಿಲ್ಲ. ನಿಂತ್ರೆ ಹೂತುಹೋಯ್ತು ಅಂತಲೇ ಲೆಕ್ಕ.”

ಈ ‘ನಿಲ್ಲುವ ಹಾಗಿಲ್ಲ’ ಎಂಬುದೇ ಇಡೀ ಕಸುಬಿನ ಗುಟ್ಟು. ಓಣಿಗಳು ಕಿರಿದು, ಎರಡೂ ಕಡೆ ಆಳೆತ್ತರದ ಬೇಲಿ, ಹೆಜ್ಜೆಗೊಂದು ತಿರುವು. ಆಚೆಯಿಂದ ಬರುವವರು ಕಾಣುವುದಿಲ್ಲ. ಭಾರ ಹೇರಿದ ಗಾಡಿಗೆ ಬ್ರೇಕಿಲ್ಲ, ನಿಲ್ಲಿಸಿದರೂ ಮತ್ತೆ ಒಬ್ಬರಿಂದ ಕದಲಿಸಲಾಗದು. ಹಾಗಾಗಿ ಗಾಡಿಗಿಂತ ಮೊದಲು ದನಿ ತಿರುವು ದಾಟಬೇಕು.

ಗಾಡಿ ಮೊದಲು ಇವರ ಮಾವನದಾಗಿತ್ತು. ಮಾವನಿಗೆ ಸೊಂಟ ಹಿಡಿದಾಗ, ಮಗನ ಕೈಗೆ ಕೊಡೋಣವೆಂದರೆ ಮಗನದು ಸೂಜಿ ಹಿಡಿಯುವ ಕೈ. ಹೊಸದಾಗಿ ಮನೆಗೆ ಬಂದ ಸೊಸೆಯೇ ಒಂದು ದಿನ ಅಡ್ಡಕಂಬಿಯೊಳಗೆ ನಿಂತಳು. “ಮಾವ ಮೂರು ದಿನ ಮಾತು ಬಿಟ್ರು. ನಾಲ್ಕನೇ ದಿನ ತಾವೇ ಬಂದು ಟೈರಿನ ಗಾಳಿ ನೋಡಿದ್ರು,” ಎಂದು ನಗುತ್ತಾರೆ.

ಮಾವನ ಕೂಗು ‘ಹಿಂದೆ! ಹಿಂದೆ!’ ಎಂದಿತ್ತು. ನಿಮ್ಮ ಹಿಂದೆ ಗಾಡಿ ಬರುತ್ತಿದೆ, ಪಕ್ಕಕ್ಕೆ ಸರಿಯಿರಿ ಎಂದು ಅದರ ಅರ್ಥ. ಊರಿನವರಿಗೆ ತಿಳಿಯುತ್ತಿತ್ತು. ಆದರೆ ಪ್ರವಾಸಿಗಳು ಬರತೊಡಗಿದ ಮೇಲೆ ಎಡವಟ್ಟು ಶುರುವಾಯಿತು. ಅವರಿಗೆ ‘ಹಿಂದೆ’ ಎಂದರೆ ಹಿಂದಕ್ಕೆ ಸರಿಯಿರಿ ಎಂದು ಕೇಳಿಸುತ್ತಿತ್ತು. ವಿಧೇಯರಾಗಿ ಹಿಂದಕ್ಕೇ ಹೆಜ್ಜೆಯಿಡುತ್ತಿದ್ದರು, ನೇರ ಗಾಡಿಯ ಮೇಲಕ್ಕೆ. ಒಬ್ಬ ಭಾರಿ ಆಸಾಮಿ ಸೂರ್ಯೋದಯದ ಫೋಟೋ ತೆಗೆಯುತ್ತಾ ‘ಹಿಂದೆ’ ಕೇಳಿ ಹಿಂದಕ್ಕೆ ಬಂದವನು ಬಂದವನೇ ಮೊಟ್ಟೆಯ ಟ್ರೇ ಮೇಲೆ ಸುಖಾಸೀನನಾದನಂತೆ.

“ಆವತ್ತೇ ಯೋಚನೆ ಮಾಡ್ದೆ. ಅವರು ಏನು ಮಾಡ್ಬೇಕು ಅಂತ ಹೇಳೋದು ಬೇಡ, ನಾನು ಏನು ಮಾಡ್ತಿದ್ದೀನಿ ಅಂತ ಹೇಳೋಣ. ಬಂದೆ ಅಂತ ಕೂಗಿದ್ರೆ ಅರ್ಥ ಆಗ್ದೆ ಇರೋದು ಯಾರಿಗೆ?”

ಹೀಗೆ ‘ಹಿಂದೆ’ ಹೋಗಿ ‘ಬಂದೆ’ ಬಂತು. ಕೂಗೇ ಹೆಸರಾಯಿತು. ಸೊಸೆಯನ್ನು “ಬಾರೇ” ಎಂದು ಕರೆದ ಅತ್ತೆಯರಿಗೆಲ್ಲ ಓಣಿಯಿಂದ “ಬಂದೆ ಬಂದೆ” ಎಂದು ಉತ್ತರ ಸಿಕ್ಕು, ಸೊಸೆಯಂದಿರು ಅದೇ ನೆಪದಲ್ಲಿ ಇನ್ನೊಂದಿಷ್ಟು ಹೊತ್ತು ಮಲಗಿದ ಕಥೆಗಳು ಊರಲ್ಲಿ ಬೇಕಾದಷ್ಟಿವೆ.

ಇಷ್ಟು ವರ್ಷ ಹೀಗೆ ನಡೆದು ಬಂತು. ಈ ವರ್ಷ ಗಂಟಲು ಕೈಕೊಟ್ಟಿತು. ನೆಗಡಿ ಇರಬೇಕೆಂದು ಉಪ್ಪುನೀರು ಮುಕ್ಕಳಿಸಿದರು, ಬಿಸಿನೀರು ಕುಡಿದರು. ದನಿ ಒಡೆಯುತ್ತಲೇ ಹೋಯಿತು. ಕೊನೆಗೆ ಆಚೆ ದಡದ ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ನೋಡಿದ ಡಾಕ್ಟರಮ್ಮ, ದನಿ ಹೊರಡುವ ಜಾಗದಲ್ಲೇ ಒಂದು ಗಂಟು ಬೆಳೆದಿದೆ ಎಂದರು. ಕೂಗಿ ಕೂಗಿ ಬಂದ ಗಂಟು. ಕೆಲವು ವಾರ ಕೂಗಲೇಬಾರದು, ಬೇಕಾದರೆ ಮೆಲ್ಲಗೆ ಮಾತಾಡಬಹುದು. ಇಳಿದರೆ ಸರಿ, ಇಲ್ಲವಾದರೆ ಆಪರೇಷನ್. ಆಮೇಲೆ ದನಿ ಹೇಗಿರುತ್ತದೆಂದು ಈಗಲೇ ಹೇಳಲಾಗದು ಎಂದೂ ಸೇರಿಸಿದರು.

ದನಿ ಇಲ್ಲದಿದ್ದರೇನಂತೆ, ಒಂದು ಹಾರನ್ನು ಕಟ್ಟಿಕೊಳ್ಳಬಾರದೇ ಎಂದು ನಿಮ್ಮಂತೆಯೇ ನನಗೂ ಅನ್ನಿಸಿತು. ಕೇಳಿದೆ. ಬಂದೆಯಕ್ಕ ನನ್ನನ್ನು ಪಾಪ ಎನ್ನುವ ಹಾಗೆ ನೋಡಿದರು. ನಾನು ತಂಗಿರುವ ಅತಿಥಿಗೃಹದ ಯಜಮಾನಿ ಆಗಲೇ ಒಂದು ರಬ್ಬರ್ ಬುಗ್ಗೆಯ ಹಾರನ್ನು ತಂದುಕೊಟ್ಟಿದ್ದರಂತೆ. ಅದು ಐಸ್‌ಕ್ರೀಮಿನವನ ಸದ್ದು. ಒತ್ತಿದೊಡನೆ ಮಕ್ಕಳೆಲ್ಲ ಕೈಚಾಚಿಕೊಂಡು ಗಾಡಿಯ ಮುಂದಕ್ಕೇ ಓಡಿಬಂದರು. ಗಂಟೆ ಕಟ್ಟಿದರೆ ಅದು ದೋಣಿ ಬಿಡುವ ಗಂಟೆ. ಸ್ನಾನಕ್ಕೆ ಹೋದವರೂ ಅರ್ಧ ಸೋಪಿನಲ್ಲಿ ಜೆಟ್ಟಿಗೆ ಓಡಿದರು. ಸೀಟಿ ಊದಿದರೆ ಯಾರೋ ಸಮುದ್ರದಲ್ಲಿ ಮುಳುಗುತ್ತಿದ್ದಾರೆಂದು ಊರಿಗೆ ಊರೇ ತೀರಕ್ಕೆ ಹೋಯಿತು. ಇಲ್ಲಿ ಪ್ರತಿಯೊಂದು ಸದ್ದಿಗೂ ಆಗಲೇ ಒಬ್ಬ ಯಜಮಾನನಿದ್ದಾನೆ. ನಿಶ್ಶಬ್ದ ಎಂದು ನಾನು ಮೆಚ್ಚಿಕೊಂಡ ಊರು ಇಷ್ಟು ಕಿವಿಗೊಟ್ಟು ಬದುಕುತ್ತಿದೆ ಎಂದು ಆಗ ತಿಳಿಯಿತು.

ಕೂಗು ನಿಲ್ಲಿಸಿದ ಮೊದಲ ದಿನ ಇವರು ಗಾಡಿಯನ್ನು ಮೌನವಾಗಿಯೇ ಎಳೆದರು. ತಿರುವಿನಲ್ಲಿ ನಿಧಾನಿಸಿ, ಬೇಲಿಗೆ ಕಿವಿಯಿಟ್ಟು, ಹೇಗೋ ನಿಭಾಯಿಸಿದರು. ಮರುದಿನ ಬಡಗಿಯೊಬ್ಬರ ಅಂಗೈಗೆ ಉಳಿ ಬಿತ್ತು. ಈ ಊರಲ್ಲಿ ಆಂಬುಲೆನ್ಸ್ ಎಂದರೆ ಇದೇ ಗಾಡಿ. ಬಡಗಿಯನ್ನು ಕೂರಿಸಿಕೊಂಡು ಜೆಟ್ಟಿಗೆ ಎಳೆದರು. ಮುಂಚೆಲ್ಲ ಕೊನೆಯ ತಿರುವಿನಿಂದ “ಬಂದೆ” ಕೇಳಿಸಿದರೆ ದೋಣಿಯವನು ಹಗ್ಗ ಬಿಚ್ಚುತ್ತಿರಲಿಲ್ಲ. ಆವತ್ತು ಕೇಳಿಸಲಿಲ್ಲ, ಬಿಚ್ಚಿದ. ಗಾಡಿ ಜೆಟ್ಟಿ ಮುಟ್ಟುವಾಗ ದೋಣಿ ಕಣ್ಣೆದುರಿಗೇ ದೂರ ಸಾಗುತ್ತಿತ್ತು. ಬಡಗಿ ಕೈಗೆ ಬಟ್ಟೆ ಸುತ್ತಿಕೊಂಡು ಮುಂದಿನ ದೋಣಿಯವರೆಗೆ ಅಲ್ಲೇ ಕೂತರು.

“ಅವರೊಂದು ಮಾತು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು,” ಎನ್ನುತ್ತಾರೆ. “ದೋಣಿ ಅಲ್ಲೇ ಇದೆ, ಕೂಗಿದ್ರೆ ಕೇಳುತ್ತೆ. ಬಾಯಿ ತೆಗೆದ್ರೆ ಬರೀ ಗಾಳಿ. ಮನೆಗೆ ಬಂದು ಒಲೆ ಮುಂದೆ ಕೂತು ಅತ್ತುಬಿಟ್ಟೆ. ಇವರು ಮಿಷನ್ ಮುಂದೆ ಕೂತಿದ್ರು. ಕೇಳಿಸ್ಕೊಂಡ್ರೋ ಇಲ್ವೋ, ಏನೂ ಅನ್ಲಿಲ್ಲ. ಅನ್ನೋ ಜೀವ ಅಲ್ಲ ಅದು.”

ಮಾರನೆಯ ಬೆಳಗ್ಗೆ ಗಾಡಿ ಹೊರಡಿಸುವಾಗ ಟೈಲರಣ್ಣ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು.

ಈ ಮನುಷ್ಯನ ಬಗ್ಗೆ ಎರಡು ಮಾತು ಹೇಳಲೇಬೇಕು. ಮದುವೆ ಮನೆಯಲ್ಲೂ ಮೂಲೆಯ ಕುರ್ಚಿ ಹುಡುಕುವ ಸ್ವಭಾವ. ಅಳತೆ ತೆಗೆಯುವಾಗಲೂ ಬಾಯಿ ಬಿಡುವುದಿಲ್ಲ, ಕೈಯೆತ್ತಿ ಎನ್ನಲು ತಮ್ಮ ಕೈಯನ್ನೇ ಎತ್ತಿ ತೋರಿಸುತ್ತಾರೆ. ಅಂಥವರು ಓಣಿಯಲ್ಲಿ ಕೂಗಬೇಕು. ಅದೂ ಏನೆಂದು? ಹೆಂಡತಿಯ ಕೂಗನ್ನೇ ಕೂಗಬಹುದಿತ್ತು. ಆದರೆ ಗಾಡಿ ಎಳೆಯುವವಳು ಅವಳು. ತಾನು ‘ಬಂದೆ’ ಎಂದರೆ ಹೇಗೆ ಸರಿಹೋದೀತು ಎಂದು ಯೋಚಿಸಿ, ‘ಬಂದ್ಲು’ ಎಂದು ತಿದ್ದಿಕೊಂಡರು. ಊರು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಆಚೆ ದಡದಲ್ಲಿರುವ ಮಗಳು ಫೋನ್ ಮಾಡಿ, “ಅಪ್ಪ ಕೂಗ್ತಾರಂತೆ, ನಿಜಾನಾ? ಒಂದ್ಸಲ ಫೋನಲ್ಲಿ ಕೇಳ್ಸಿ,” ಎಂದು ಪೀಡಿಸಿದಳು. ಅವರು ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಅಂಗಳಕ್ಕೆ ಹೋದರು.

ನಾನು ನೋಡನೋಡುತ್ತಲೇ ಒಂದು ಅನಾಹುತವೂ ಆಯಿತು. ಮೂರನೇ ಓಣಿಯಲ್ಲಿ ಕಿಟಕಿಯ ಪಕ್ಕದಲ್ಲೇ ಮಂಚ ಹಾಕಿಕೊಂಡ ಅಜ್ಜಿಯೊಬ್ಬರಿದ್ದಾರೆ. ಕಣ್ಣು ಮಂಜು, ಕಿವಿ ಮಾತ್ರ ಚುರುಕು. “ಬಂದ್ಲು” ಕೇಳಿದ್ದೇ ಅಜ್ಜಿ ಒಳಗಿನಿಂದ, “ಯಾರಪ್ಪ ಬಂದ್ಲು?” ಎಂದರು.

ಹಿರಿಯರು ಕೇಳಿದರೆ ಉತ್ತರ ಕೊಡದೆ ಹೋಗಬಾರದು. ಟೈಲರಣ್ಣ ನಿಂತರು. “ನಮ್ಮನೆಯವಳು, ಅಜ್ಜಿ.”

“ನಿಮ್ಮನೆಯವಳು ಅಂದ್ರೆ ಯಾರು? ನೀನ್ಯಾರು?”

“ಟೈಲರ್, ಅಜ್ಜಿ.”

“ಸುಳ್ಳು ಹೇಳ್ಬೇಡ. ಟೈಲರ್ ಮಾತಾಡಲ್ಲ!”

ಓಣಿಯ ನಡುವೆ ಗಂಡ ನಿಂತರೆ ಹಿಂದಿನ ಗಾಡಿ ಹೋಗುವುದೆಲ್ಲಿಗೆ? ಬಂದೆಯಕ್ಕ ಕೂಗುವ ಹಾಗಿಲ್ಲ, ಗುದ್ದುವ ಹಾಗಿಲ್ಲ. ನಿಲ್ಲಿಸಿದರು. ಚಕ್ರಗಳು ಸರ್ರನೆ ಮರಳಿಗಿಳಿದವು. ಸಿಲಿಂಡರುಗಳನ್ನೆಲ್ಲ ಇಳಿಸಿ, ಕೈಯಿಂದ ಮರಳು ಬಗೆದು, ಹಲಗೆ ಕೊಟ್ಟು ಗಾಡಿ ಎತ್ತುವಷ್ಟರಲ್ಲಿ ನನ್ನ ಬೆನ್ನು ನನ್ನ ಮಾತು ಕೇಳುವುದನ್ನು ನಿಲ್ಲಿಸಿತ್ತು. ಟೈಲರಣ್ಣನ ಮುಖ ಇಂಗು ತಿಂದ ಮಂಗನಂತಾಗಿತ್ತು. ಬಂದೆಯಕ್ಕ ಬೇಲಿಗೆ ಒರಗಿ, ಗಂಟಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಸದ್ದಿಲ್ಲದೆ ನಕ್ಕರು. ನಗುನಗುತ್ತಲೇ ಕಣ್ಣಲ್ಲಿ ನೀರು ಬಂತು. ಅದು ನಗುವಿನದೇ ನೀರು ಎಂದು ನಾನು ಹೇಳಲಾರೆ.

ಇವರ ಮನೆ ಎಂದರೆ ಎರಡು ಕೋಣೆ. ಮುಂದಿನದು ಹೊಲಿಗೆ ಅಂಗಡಿ. ಮಿಷನ್ನು, ಅತಿಥಿಗೃಹಗಳ ಪರದೆ ಮತ್ತು ದಿಂಬಿನ ಚೀಲಗಳು, ಹರಿದ ದೋಣಿ ಟಾರ್ಪಾಲು. ಉಪ್ಪುಗಾಳಿಗೆ ಸೂಜಿ ತುಕ್ಕು ಹಿಡಿಯದಿರಲೆಂದು ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ. ಹಿಂದಿನ ಕೋಣೆಯಲ್ಲಿ ಒಲೆ, ಮಂಚ, ಗೋಡೆಗೆ ಒರಗಿಸಿದ ಗಾಳಿ ಪಂಪು. ಟೈಲರಣ್ಣ ಗಾಡಿಯ ಜೊತೆ ಹೋಗುವುದರಿಂದ ಅಂಗಡಿ ಬಿಸಿಲೇರುವವರೆಗೆ ಮುಚ್ಚಿಯೇ ಇರುತ್ತದೆ. ಹೊಲಿಯಬೇಕಾದ ಬಟ್ಟೆ ಬೆಟ್ಟವಾಗುತ್ತಿದೆ. ಬಂದೆಯಕ್ಕನಿಗೆ ಅದು ಕಾಣದೆ ಇಲ್ಲ.

ಅತಿಥಿಗೃಹದ ಯಜಮಾನಿ ಒಳ್ಳೆಯ ಮನಸ್ಸಿನಿಂದಲೇ ಒಂದು ಕೆಲಸ ತೋರಿಸಿದ್ದಾರೆ. ಹಾಸಿಗೆ ಬಟ್ಟೆ ಒಗೆಯುವ ಮಿಷನ್ ನೋಡಿಕೊಳ್ಳುವುದು, ಮಡಚಿಡುವುದು. ನೆರಳಲ್ಲಿ ಕೂತು ಮಾಡುವ ಕೆಲಸ, ಬಾಯಿ ತೆರೆಯುವ ಅಗತ್ಯವೇ ಇಲ್ಲ. ಒಳ್ಳೆಯದೇ ಅಲ್ಲವೇ ಎಂದೆ.

“ಒಳ್ಳೇದೇ. ಯಾರು ಬೇಡ ಅಂತಾರೆ?” ಎಂದರು. “ಆದ್ರೆ ನೋಡಿ ಪೇಪರಿನವರೇ, ಸಾಮಾನು ಯಾರು ಬೇಕಾದ್ರೂ ತರ್ತಾರೆ. ಕಾಯಿಲೆಯವರನ್ನ ಕರ್ಕೊಂಡು ಹೋಗೋದು ಹಾಗಲ್ಲ. ಗಾಡಿ ಮೇಲೆ ಮಲಗಿಸಿದ್ರೆ ಅವರಿಗೆ ಎದೆ ಧಸಕ್ ಅನ್ನುತ್ತೆ. ಹೆಣ ಹೊರೋದೂ ಇದ್ರಲ್ಲೇ ಅಲ್ವಾ? ಅದಕ್ಕೆ ನಾನು ಬಾಗಿಲಲ್ಲೇ ನಿಲ್ಲಿಸ್ತೀನಿ. ಮನೆಯವರಿಗೆ ‘ಬರ್ತೀನಿ’ ಅಂತ ಹೇಳಿ, ಆಮೇಲೆ ಹೊರಡೋಣ ಅಂತೀನಿ. ಕೆಲವರು ಹೋಗ್ತೀನಿ ಅಂದುಬಿಡ್ತಾರೆ. ನಾನು ಎಳೆಯೋದೇ ಇಲ್ಲ. ಬರ್ತೀನಿ ಅಂದ್ರೇನೇ ಗಾಡಿ ಹೊರಡೋದು. ದಾರಿಯುದ್ದ ನಾನು ಬಂದೆ ಬಂದೆ ಅಂತ ಕೂಗ್ತಿದ್ರೆ ಅವರಿಗೂ ಧೈರ್ಯ. ಮೂಕಿ ಎಳೆಯೋ ಗಾಡಿ ಮೇಲೆ ಯಾರು ಮಲಗ್ತಾರೆ ಹೇಳಿ.”

ಎಲ್ಲರೂ ವಾಪಸು ಬಂದರೇ ಎಂದು ನಾನು ಕೇಳಲಿಲ್ಲ. ಬಂದಿರಲಾರರು. ಆದರೂ ಆ ಬಾಗಿಲುಗಳಲ್ಲಿ ಯಾರೂ ಹೋಗುತ್ತೇನೆ ಎಂದು ಹೇಳಿ ಹೋಗಿಲ್ಲ. ಅದು ಸಣ್ಣ ಮಾತಲ್ಲ ಎಂದು ನನಗೆ ಅನ್ನಿಸುತ್ತದೆ.

ಡಾಕ್ಟರಮ್ಮ ಮತ್ತೆ ಬರಹೇಳಿದ ದಿನ ಬಂತು. ನಾನು ಊರು ಬಿಡಬೇಕಾದ ದಿನವೂ ಅದೇ ಆಗಿತ್ತು. ಟಿಕೆಟು ಮುಂದಕ್ಕೆ ಹಾಕಿದೆ. ಬಂದೆಯಕ್ಕ ಬೆಳಗಿನ ದೋಣಿಗೆ ಒಬ್ಬರೇ ಹೋದರು. ಅಂದು ಸಾಮಾನು ಬಹಳವಿತ್ತು, ಕಾಯಲು ಗಂಡ ಜೆಟ್ಟಿಯಲ್ಲೇ ಉಳಿದರು. ಇಡೀ ಹಗಲು ಅವರು ಜೆಟ್ಟಿಯ ಕಟ್ಟೆಯ ಮೇಲೆ ಕೂತು ದಿಂಬಿನ ಚೀಲಗಳ ಅಂಚು ಕೈಯಲ್ಲೇ ಹೊಲಿದರು. ನಾನು ಪಕ್ಕದಲ್ಲಿ ಕೂತಿದ್ದೆ. ಒಂದೇ ಒಂದು ಸಲ ಅವರಾಗಿ ಮಾತಾಡಿದರು.

“ಅವಳ ದನಿ ಕೇಳಿಯೇ ನಾನು ಬೆಳಗ್ಗೆ ಎದ್ದು ಅಭ್ಯಾಸ. ಗಾಡಿ ಯಾವ ಓಣೀಲಿದೆ ಅಂತ ಮಿಷನ್ ಮುಂದೆ ಕೂತೇ ಗೊತ್ತಾಗ್ತಿತ್ತು. ಈಗ ಮನೇಲಿ ಕೂತ್ರೆ ಏನೂ ಗೊತ್ತಾಗಲ್ಲ. ಅದಕ್ಕೇ ಹೊರಟಿದ್ದು ನಾನು.”

ಸಂಜೆಯ ದೋಣಿ ಬಂತು. ಬಂದೆಯಕ್ಕ ಇಳಿದರು. ಮುಖ ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ. ಗಾಡಿಗೆ ಹೇರಿದ್ದ ಸಾಮಾನಿನ ಹಗ್ಗ ಎಳೆದು ನೋಡಿ, ಒಂದು ಗಂಟು ಬಿಚ್ಚಿ ಮತ್ತೆ ಬಿಗಿದರು. ಆಮೇಲೆ ಹೇಳಿದರು.

“ಇಳಿದಿದೆಯಂತೆ. ಆಪರೇಷನ್ ಬೇಡ ಅಂದ್ರು.”

ಟೈಲರಣ್ಣ ಉಸಿರು ಬಿಟ್ಟರು.

“ಮಾತಿಗೆ ತೊಂದ್ರೆ ಇಲ್ವಂತೆ. ಕೂಗೋದು ಮಾತ್ರ ಇನ್ನು ಮರೆತುಬಿಡಿ ಅಂದ್ರು. ಮತ್ತೆ ಕೂಗಿದ್ರೆ ಮತ್ತೆ ಬರುತ್ತಂತೆ. ಯಾವತ್ತೂ ಬೇಡ ಅಂದ್ರು.”

ದೋಣಿಯವನು ಹಗ್ಗ ಸುತ್ತುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದ. ಒಳ್ಳೆಯ ಸುದ್ದಿ ಎಂದು ಹೇಳಬೇಕಾದ ಸುದ್ದಿ ಅದು. ನಾನು ಅವರು ಬಿಗಿದ ಗಂಟನ್ನೇ ನೋಡುತ್ತಾ ನಿಂತೆ.

“ರೀ, ಗಾಡಿ ಕೊಟ್ಟುಬಿಡೋಣ,” ಎಂದರು ಬಂದೆಯಕ್ಕ. “ಜೆಟ್ಟಿ ಕಡೆಯವರು ಯಾರಾದ್ರೂ ತಗೋತಾರೆ. ನಾನು ಬಟ್ಟೆ ಮಡಚೋ ಕೆಲಸಕ್ಕೆ ಹೋಗ್ತೀನಿ. ಎಷ್ಟು ದಿನ ಅಂತ ನೀವು ಅಂಗಡಿ ಮುಚ್ಚಿ ನನ್ನ ಮುಂದೆ ಓಡಾಡ್ತೀರಿ? ನಿಮಗೆ ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತಿಲ್ವಾ?”

ಟೈಲರಣ್ಣ ದಿಂಬಿನ ಚೀಲಗಳನ್ನು ಮಡಚಿ ಗಾಡಿಯ ಮೂಲೆಗೆ ತುರುಕಿದರು. ಓಣಿಯ ಕಡೆ ನೋಡಿದರು. ಸಂಜೆಯ ಹೊತ್ತು, ಓಣಿಯ ತುಂಬ ಜನ. ಕಡಲಿನಿಂದ ಬರುವವರು, ಕಡಲಿಗೆ ಹೋಗುವವರು, ಬೇಲಿಗೆ ಒರಗಿ ಹರಟುವವರು. ಅವರು ಗಾಡಿಯ ಮುಂದೆ ಹೋಗಿ ನಿಂತರು. ಹೆಂಡತಿ ಅಡ್ಡಕಂಬಿಯೊಳಗೆ ಬರುವವರೆಗೆ ಕಾದರು. ಬಂದೆಯಕ್ಕ ಬಂದು ಹೊಟ್ಟೆ ಒತ್ತಿ ಮೈ ಬಾಗಿಸಿದರು, ಗಾಡಿ ಕದಲಿತು.

ಮೊದಲ ತಿರುವು. ಈ ಸಲ ಅವರು ಇಣುಕಲಿಲ್ಲ, ಯಾರಿದ್ದಾರೆ ಎಂದು ನೋಡಲಿಲ್ಲ. ಆ ಸಣಕಲು ಮೈಯಲ್ಲಿ ಇಷ್ಟು ದನಿ ಎಲ್ಲಿತ್ತೋ ಗೊತ್ತಿಲ್ಲ. ಎದೆ ಸೆಟೆದು, ಜೆಟ್ಟಿಗೆಲ್ಲ ಕೇಳುವ ಹಾಗೆ ಕೂಗಿದರು.

“ಬಂದ್ವಿ! ಬಂದ್ವಿ!”

ಜನ ಬೇಲಿಗೆ ಸರಿದರು. ಯಾರೂ ನಗಲಿಲ್ಲ. ಗಾಡಿಗಿಂತ ಮುಂದೆ ಹೋಗಿದ್ದ ನಾನು ಓಣಿಯ ನಡುವೆ ನಿಂತು ಪೆನ್ನು ಹುಡುಕಲು ಜೇಬಿಗೆ ಕೈ ಹಾಕಿದ್ದೆ. ಆ ಒಂದು ಪದವನ್ನು ಹೇಗೆ ಬರೆಯುವುದೆಂದು ಯೋಚಿಸುತ್ತಿದ್ದೆನೋ ಏನೋ, ಕಾಲು ಕದಲಲಿಲ್ಲ. ಗಾಡಿ ನೇರ ನನ್ನತ್ತಲೇ ಬರುತ್ತಿತ್ತು. ಬಂದೆಯಕ್ಕ ತಲೆಯೆತ್ತಿ ನೋಡಿದರು. ಕಣ್ಣು ಕೆಂಪಾಗಿತ್ತು, ದನಿ ಮೆಲ್ಲಗೇ ಇತ್ತು.

“ಪಕ್ಕಕ್ಕೆ ಸರೀರಿ ಪೇಪರಿನವರೇ. ಬಂದ್ವಿ ಅಂತಿದ್ದಾರಲ್ಲ ನಮ್ಮನೆಯವರು, ಕೇಳಿಸ್ಲಿಲ್ವಾ?”